ಸುಶೀಲಳ ಕೊಟ್ಟಿಗೆ

ಕಿರುಗಾವಲಿನ ಟೀ ಅಂಗಡಿ

ನಾನು ಇಂಗ್ಲೆಂಡಿಗೆ ಹೋದದ್ದು ಒಂದೇ ಸಲ, ಅದೂ ಊರು ನೋಡಲಿಕ್ಕಲ್ಲ, ತಂಗಿಯ ಬಾಣಂತನಕ್ಕೆ. ರಾಣಿಯ ಅರಮನೆ, ದೊಡ್ಡ ಗಡಿಯಾರ ಇತ್ಯಾದಿಗಳನ್ನು ಇಲ್ಲಿ ಹುಡುಕುವವರಿಗೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮೂರು ತಿಂಗಳು ಆ ದೇಶದಲ್ಲಿದ್ದು ನಾನು ಕಣ್ತುಂಬ ನೋಡಿದ್ದು ಒಂದು ದನದ ಕೊಟ್ಟಿಗೆಯನ್ನು.

ಆ ಕೊಟ್ಟಿಗೆಯ ಸುದ್ದಿ ನಮಗೆ ಮುಟ್ಟಿದ್ದು ಕಿರುಗಾವಲಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ನಂಜಪ್ಪನ ಟೀ ಅಂಗಡಿಯಲ್ಲಿ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ನಾನು ಮಂಡ್ಯದಲ್ಲಿ ಹೈಸ್ಕೂಲು ಟೀಚರು, ತಿಂಗಳಿಗೊಮ್ಮೆ ಊರಿಗೆ ಬರುವವಳು. ಮನೆ ತುಂಬ ಚಿಕ್ಕಪ್ಪನ ಮಕ್ಕಳಿದ್ದರು, ಓದಬಲ್ಲವರೇ. ಆದರೆ ತಂಗಿ ಸುಶೀಲಳ ಕಾಗದ ಬಂತೆಂದರೆ ಅಪ್ಪ ಅದನ್ನು ಒಡೆಯದೆ ನೇರ ಟೀ ಅಂಗಡಿಗೆ ಒಯ್ಯುತ್ತಿದ್ದರು. ನಂಜಪ್ಪ ದೊಡ್ಡ ಗಂಟಲಿನಲ್ಲಿ ಓದಬೇಕು, ಹತ್ತು ಜನ ಕೇಳಬೇಕು. ಮಗಳು ಡಾಕ್ಟರ ಕೈಹಿಡಿದು ಲಂಡನ್ನಿನಲ್ಲಿದ್ದಾಳೆ ಎಂದು ಊರಿಗೆ ಸಾರಲು ಅಪ್ಪನಿಗೆ ಇದ್ದ ದಾರಿ ಅದೊಂದೇ. ಅವಳಿದ್ದದ್ದು ಲಂಡನ್ನಿನಿಂದ ನಾಲ್ಕು ಗಂಟೆ ದೂರದ ಒಂದು ಹಳ್ಳಿ. ನಮ್ಮೂರಿಗೆ ಸಮುದ್ರದಾಚೆಯದೆಲ್ಲ ಲಂಡನ್ನೇ.

ಎಪ್ಪತ್ತರ ದಶಕದ ನಡುವಿನ ಆ ವರ್ಷ ಬಂದ ಕಾಗದದಲ್ಲಿ ಎರಡು ವಿಷಯಗಳಿದ್ದವು. ಬೇಸಿಗೆಗೆ ಅಕ್ಕನನ್ನು ಬಾಣಂತನಕ್ಕೆ ಕಳಿಸಿ ಎನ್ನುವುದು ಒಂದು. ಎರಡನೆಯದನ್ನು ಓದುತ್ತಾ ನಂಜಪ್ಪ ತಡವರಿಸಿದನಂತೆ.

"ಗೌಡ್ರೇ, ಇದ್ಯಾಕೋ ಕೊಟ್ಟಿಗೆ ಅಂತ ಬರ್ದದೆ."

"ಸರ್ಯಾಗಿ ಓದ್ಲಾ."

"ಸರ್ಯಾಗೇ ಓದ್ತಿವ್ನಿ. 'ಇನ್ನೂರು ವರ್ಷದ ಹಳೇ ದನದ ಕೊಟ್ಟಿಗೆ. ಈಗ ಅದೇ ನಮ್ಮ ಮನೆ.' ನೀವೇ ನೋಡಿ."

ಓದು ಬಾರದ ಅಪ್ಪ ಕಾಗದವನ್ನು ಇಸಿದುಕೊಂಡು ನೋಡಿಯೂ ನೋಡಿದರಂತೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ, "ಡಾಕ್ಟ್ರು ಅಂತ ಕೊಟ್ರಲ್ಲ ಗೌಡ್ರು, ದನೀನ್ ಡಾಕ್ಟ್ರಾ ಎಂಗೆ?" ಎಂದರು. ಅಂಗಡಿಯೇ ಬಿದ್ದು ಬಿದ್ದು ನಕ್ಕಿತು.

ಮರುದಿನ ಮೊದಲ ಬಸ್ಸು ಹಿಡಿದು, ಮಳವಳ್ಳಿ ಮದ್ದೂರು ಸುತ್ತಿಕೊಂಡು ಅಪ್ಪ ಮಂಡ್ಯಕ್ಕೆ ಬಂದರು. ನೀರು ಕೂಡ ಕುಡಿಯದೆ ಶುರುಮಾಡಿದರು.

"ನಿಮ್ಮವ್ವ ಇದ್ದಿದ್ರೆ ಅವ್ಳೇ ಓಗೋಳು. ಈಗ ಅವ್ಳಿಗೆ ನೀನೇ ಅವ್ವ. ಓಗು ಲಲಿತವ್ವ. ಕೊಟ್ಟಿಗೆ ದಿಟವಾ ಸುಳ್ಳಾ ನೋಡು. ದಿಟ ಆದ್ರೆ, ಮೂರು ತಿಂಗ್ಳು ತುಂಬ್ತಲೂ ಬಾಣಂತಿ ಮಗು ಇಬ್ರನ್ನೂ ಕರ್ಕಂಬಾ."

"ಅವಳು ಬರೋದಿಲ್ಲ ಅಂದ್ರೆ?"

"ಬರ್ದೇ ಇದ್ರೆ ಆ ಮಗಿಗೆ ನಾನು ಎಸ್ರು ಇಡಕಿಲ್ಲ."

ನಮ್ಮ ಮನೆಯಲ್ಲಿ ಮಗುವಿಗೆ ಹೆಸರಿಡುವವರು ಹಿರಿಯರು. ಚಿಕ್ಕಪ್ಪನ ಆರು ಮಕ್ಕಳಿಗೂ ನನ್ನ ಇಬ್ಬರಿಗೂ ಹೆಸರಿಟ್ಟಿದ್ದು ಅಪ್ಪನೇ. ಅವರು ಬಾಯಿಬಿಟ್ಟು ಹೇಳುವ ತನಕ ಮಗು ಬರೀ 'ಪಾಪ'. ಅಪ್ಪ ಹೆಸರಿಡುವುದಿಲ್ಲ ಎಂದರೆ ಆ ಮಗು ನಮ್ಮ ಮನೆಯದಲ್ಲ ಎಂದೇ ಅರ್ಥ.

ಬಾಗಿಲ ತನಕ ಹೋದವರು ಮತ್ತೆ ತಿರುಗಿ, "ಹಸ ಒಳಕ್ಕೆ ಬುಟ್ಟು ಗುರುಪ್ರವೇಸ ಮಾಡುದ್ರಾ, ಅದ್ನೂ ಕೇಳು. ಹಸ ಕಾಲಿಡದ ಮನೆ ಮನೆಯಲ್ಲ" ಎಂದರು. ನಮ್ಮ ಕಡೆ ಹೊಸ ಮನೆಗೆ ಮೊದಲು ಹಸು ಕರು ನುಗ್ಗಬೇಕು, ಮನುಷ್ಯರು ಆಮೇಲೆ.

ವಿಮಾನ ನಿಲ್ದಾಣದ ಮೇಜು

ವಿಮಾನದ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ. ಕಣ್ಣು ಮುಚ್ಚಿಕೊಂಡೇ ಹೋದೆ. ಇಳಿದ ಮೇಲೆ ಸಾಮಾನು ತಪಾಸಣೆಯವರು ನನ್ನ ಗಂಟನ್ನು ಮೇಜಿನ ಮೇಲೆ ಬಿಚ್ಚಿಸಿದರು. ಒಣಶುಂಠಿ, ಮೆಣಸು, ಓಮ, ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ, ಅಂಟಿನುಂಡೆ, ಒಂದು ತಾಮ್ರದ ಚೊಂಬು. "ಇದು ಊಟವೋ ಔಷಧಿಯೋ?" ಎಂದು ಅಧಿಕಾರಿ ಕೇಳಿದ. "ಎರಡೂ" ಎಂದೆ. ಮೆಣಸಿನ ಪುಡಿಯ ಪೊಟ್ಟಣ ಮೂಸಿ ಏಳು ಸಲ ಸೀನಿದ. ಪ್ರತಿ ಸೀನಿಗೂ ನನ್ನ ಕಡೆ ನೋಡಿ 'ಸಾರಿ' ಎಂದ. ನಮ್ಮಲ್ಲಾಗಿದ್ದರೆ ಸೀನಿಸಿದ್ದಕ್ಕೆ ನನ್ನನ್ನೇ ಗದರುತ್ತಿದ್ದರು.

ಆಮೇಲೆ ಆತ ಮಾಡಿದ್ದು ನನಗೆ ಮರೆಯದು. ಬಿಚ್ಚಿದ ಪೊಟ್ಟಣಗಳನ್ನೆಲ್ಲ ಇದ್ದಂತೆಯೇ ಮಡಿಸಿ, ನನ್ನ ಹಳೇ ಸೀರೆಯ ಗಂಟನ್ನು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಕಟ್ಟಿಕೊಟ್ಟ. ಈ ದೇಶದಲ್ಲಿ ಸುಶೀಲ ಬದುಕಿಯಾಳು ಎಂದು ಮೊದಲು ಅನ್ನಿಸಿದ್ದು ಆಗ.

ಕೊಟ್ಟಿಗೆಯ ಬಾಗಿಲು

ಸುಶೀಲಳ ಗಂಡ ರಾಜಶೇಖರ ಕಾರು ತಂದಿದ್ದರು. ದಾರಿಯುದ್ದಕ್ಕೂ ಬೇಲಿಯಾಚೆ ಕಪ್ಪು ಬಿಳುಪು ಹಸುಗಳು. ನಾನು ಮಾತ್ರ ಬಾಯಿಗೆ ಬಂದ ದೇವರನ್ನೆಲ್ಲ ನೆನೆಯುತ್ತಿದ್ದೆ: ಕೊಟ್ಟಿಗೆ ಸುಳ್ಳಾಗಿರಲಿ.

ಸುಳ್ಳಾಗಿರಲಿಲ್ಲ. ಉದ್ದನೆಯ ಕಲ್ಲಿನ ಕಟ್ಟಡ, ಮೇಲೆ ಕೆಂಪು ಹೆಂಚು, ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಿರಿದಾದ ಸೀಳುಗಳು. ಯಾರು ನೋಡಿದರೂ ಕೊಟ್ಟಿಗೆಯೆಂದೇ ಹೇಳಬೇಕು. ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲಿದ್ದ ಜಾಗಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದ್ದರು. ಅದರ ಪಕ್ಕದ ಸಣ್ಣ ಬಾಗಿಲಲ್ಲಿ ತುಂಬಿದ ಹೊಟ್ಟೆ ಹೊತ್ತುಕೊಂಡು ಸುಶೀಲ ನಿಂತಿದ್ದಳು. "ಬಾ ಅಕ್ಕ, ಕೊಟ್ಟಿಗೆಗೆ" ಎಂದು ನಕ್ಕಳು.

ಒಳಗೆ ಕಾಲಿಟ್ಟ ನಾನು ಚಪ್ಪಲಿ ಬಿಡುವುದನ್ನೂ ಮರೆತೆ. ಸುಣ್ಣ ಬಳಿದ ಬೆಳ್ಳಗಿನ ಗೋಡೆ, ತಲೆಯ ಮೇಲೆ ಎಲ್ಲೋ ಎತ್ತರದಲ್ಲಿ ಕಪ್ಪಗೆ ಮಾಗಿದ ಮರದ ತೊಲೆಗಳು, ಕಾಲು ಹುದುಗುವ ಜಮಖಾನ, ಗಾಜಿನಿಂದ ಇಡೀ ಹಗಲೇ ಒಳಗೆ ಬಂದು ಕೂತಂತಹ ಬೆಳಕು. ಹುಲ್ಲು ಪೇರಿಸುತ್ತಿದ್ದ ಅಟ್ಟ ಈಗ ಮಲಗುವ ಕೋಣೆ. ಹಸುಗಳಿಗೆ ಮೇವು ಹಾಕುತ್ತಿದ್ದ ಕಲ್ಲಿನ ಗೊಂತನ್ನು ಒಡೆಯದೆ ಹಾಗೇ ಉಳಿಸಿಕೊಂಡು ಅದರಲ್ಲಿ ಪುಸ್ತಕ ಜೋಡಿಸಿದ್ದರು. ಹಸು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಇನ್ನೂ ಇದ್ದವು. ನಾನು ಮೂಗು ಅರಳಿಸಿ ಸಗಣಿಯ ವಾಸನೆ ಹುಡುಕಿದೆ. ಮೇಜಿಗೆ ಬಳಿದ ಪಾಲಿಷ್ ವಾಸನೆ ಬಂತು. ಮಂಡ್ಯದಲ್ಲಿ ನಾನು ಕಂಡ ಯಾವ ಸಾಹೇಬರ ಬಂಗಲೆಯೂ ಇದರ ಮುಂದೆ ನಿಲ್ಲುವಂತಿರಲಿಲ್ಲ.

ಸಂಜೆ ಚಹಾ ಕುಡಿಯುತ್ತಾ ನಮ್ಮೂರ ಮನೆ ನೆನಪಾಯಿತು. ತಲೆಬಾಗಿಲು ದಾಟಿದರೆ ಎಡಕ್ಕೆ ದನ, ಬಲಕ್ಕೆ ನಾವು ಮಲಗುವ ಜಗಲಿ. ನಡುವೆ ಮೊಳದೆತ್ತರದ ಗೋಡೆ. ಮಲಗಿದಲ್ಲಿಗೆ ಹಸು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು, ಚಳಿಗಾಲದಲ್ಲಿ ಅವುಗಳ ಮೈಬಿಸಿ ನಮ್ಮ ಕಡೆಗೂ ಬರುತ್ತಿತ್ತು. ನಾವು ದನಗಳ ಜೊತೆಯಲ್ಲೇ ಬೆಳೆದವರು. ಇಲ್ಲಿ ದನಗಳನ್ನು ಹೊರಗೆ ಕಳಿಸಿ ಮನುಷ್ಯರು ಬಂದಿದ್ದಾರೆ, ಅಷ್ಟೇ ವ್ಯತ್ಯಾಸ.

"ಇಷ್ಟೊಂದು ಮನೆಗಳಿರುವಾಗ ಇದನ್ನೇ ಯಾಕೆ ತೊಗೊಂಡೆ?" ಎಂದು ಕೇಳಿದೆ.

ಸುಶೀಲ ಲೋಟ ಕೆಳಗಿಟ್ಟಳು. "ಅವ್ವ ಸತ್ತಾಗ ನಾನು ಎಲ್ಲಿ ಮಲಗ್ತಿದ್ದೆ, ನೆನಪಿದೆಯಾ?"

ನೆನಪಿಲ್ಲದೆ ಏನು. ಅವಳಿಗೆ ಆಗ ನಾಲ್ಕು ವರ್ಷ. ನನ್ನ ಪಕ್ಕದಲ್ಲಿ ಮಲಗಿಸಿದರೆ ಎದ್ದು ಹೋಗಿ ಗೌರಿ ಹಸುವಿನ ಹೊಟ್ಟೆಗೆ ಒರಗಿಕೊಂಡು ನಿದ್ದೆ ಮಾಡುತ್ತಿದ್ದಳು. ಅವ್ವನ ಹೆಸರೂ ಗೌರಿಯೇ. ನಮ್ಮ ಮನೆಯ ಹಸುಗಳಿಗೂ ಹೆಂಗಸರಿಗೂ ಹೆಸರುಗಳು ಬೇರೆ ಬೇರೆ ಇರಲಿಲ್ಲ.

"ಮದುವೆ ಆಗಿ ಈ ದೇಶಕ್ಕೆ ಬಂದಮೇಲೆ ಒಂದು ವರ್ಷ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಅಕ್ಕ. ಇದನ್ನ ನೋಡೋಕೆ ಬಂದ ದಿನ ಒಳಗೆ ಇನ್ನೂ ಹಳೇ ಹುಲ್ಲಿತ್ತು. ಆ ವಾಸನೆಗೆ ಇಲ್ಲೇ ಗೋಡೆಗೆ ಒರಗಿಕೊಂಡು ನಿದ್ದೆ ಹೋಗಿಬಿಟ್ಟೆ. ಇವರು ಆವತ್ತೇ ತೊಗೊಳ್ಳೋಣ ಅಂದ್ರು."

"ಇದನ್ನೇ ಅಪ್ಪನಿಗೆ ಬರೆಯಬಾರದಿತ್ತೇನೆ?"

"ಟೀ ಅಂಗಡೀಲಿ ಓದಿಸ್ತಾರಲ್ಲ ಅಕ್ಕ."

ನನಗೆ ನಗುವೂ ಬಂತು, ಕಣ್ಣೀರೂ ಬಂತು. ಗೃಹಪ್ರವೇಶದ ಮಾತು ಕೇಳಿದೆ. ಕರೆಂಟು ಒಲೆಯ ಮೇಲೆ ಹಾಲು ಉಕ್ಕಿಸಿದ್ದರಂತೆ, ಹಸುವನ್ನು ಯಾರಲ್ಲಿ ಕೇಳುವುದೆಂದು ತಿಳಿಯದೆ ಸುಮ್ಮನಾದರಂತೆ. ಕೊನೆಗೆ ಅಪ್ಪನ ಶರತ್ತನ್ನೂ ಹೇಳಿದೆ. ಹೇಳದೆ ವಿಧಿಯಿರಲಿಲ್ಲ. "ನಾನು ಬರಲ್ಲ. ಹೆಸರಿಡದಿದ್ರೆ ಬೇಡ" ಎಂದು ರಪ್ಪನೆ ಎದ್ದು ಹೋದವಳು ಗೊಂತಿನ ಪುಸ್ತಕಗಳ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಬಾಣಂತಿ ನೀರು

ಹತ್ತು ದಿನಕ್ಕೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮನೆಗೆ ಬಂದ ಮೇಲೆ ನನ್ನ ಆಳ್ವಿಕೆ. ಆ ಮನೆಯ ಬಚ್ಚಲು ಬಲು ಚೆಂದ, ಆದರೆ ಬಿಸಿನೀರು ಎಂಟು ಚೊಂಬಿಗೆ ತಣ್ಣಗಾಗುತ್ತಿತ್ತು. ಬಾಣಂತಿಗೆ ಹಂಡೆಗಟ್ಟಲೆ ಹಬೆಯಾಡುವ ನೀರು ಹುಯ್ಯದಿದ್ದರೆ ಅದೇನು ಬಾಣಂತನ? ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಒಲೆಗೇರಿಸಿ ನೀರು ಕಾಯಿಸಿದೆ. ಹುಯ್ದೆ. ತಲೆಗೆ ಬಟ್ಟೆ ಸುತ್ತಿ ಕೂರಿಸಿದೆ. ಆಮೇಲೆ ಬೆಂಕಿಗೂಡಿನ ಕೆಂಡವನ್ನು ಬಾಣಲೆಗೆ ತೋಡಿ, ಊರಿಂದ ತಂದ ಸಾಂಬ್ರಾಣಿಯನ್ನು ಹಿಡಿತುಂಬ ಉದುರಿಸಿದೆ.

ಹೊಗೆ ಸ್ವಲ್ಪ ಹೆಚ್ಚಾಯಿತು. ಮಗು ಕೆಮ್ಮಿತು. ಅಟ್ಟದ ಕಿಟಕಿ ತೆಗೆದೆ. ಹೊಗೆಯೆಲ್ಲ ಸುರುಳಿಯಾಗಿ ಹೆಂಚಿನ ಮೇಲಕ್ಕೆ ಹೋಯಿತು. ನಮ್ಮೂರಾಗಿದ್ದರೆ ಅದನ್ನು ಕಂಡವರು, 'ಗೌಡರ ಮನೆಯಲ್ಲಿ ಬಾಣಂತಿ ನೀರು' ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಎರಡು ನಿಮಿಷವೂ ಆಗಿರಲಿಲ್ಲ. ಸಣ್ಣ ಬಾಗಿಲು ದಡಾರೆಂದು ತೆರೆಯಿತು. ಎಪ್ಪತ್ತು ದಾಟಿದ ಒಬ್ಬ ಮುದುಕ, ಮೊಣಕಾಲುದ್ದದ ಕೆಸರಿನ ಬೂಟು, ಎರಡು ಕೈಯಲ್ಲಿ ಎರಡು ಬಕೆಟ್ಟು. ಕಂಡದ್ದೇ ಒಂದು ಬಕೆಟ್ಟು ನೀರನ್ನು ಬಾಣಲೆಗೆ ಎರಚಿದ. ಇನ್ನೊಂದನ್ನು ನನಗೆ ಎರಚಿದ. ಕೆಂಡ ಚುಯ್ಯೆಂದಿತು. ನಾನು ಅಯ್ಯಯ್ಯೋ ಎಂದೆ.

ಮುದುಕ ಜಾರ್ಜ್ ಎಂಬ ರೈತ, ಈ ಕೊಟ್ಟಿಗೆಯ ಹಿಂದಿನ ಯಜಮಾನ. ಎದುರಿನ ಸಣ್ಣ ಮನೆಯಲ್ಲಿದ್ದ. ದಿನಾ ಈ ಮನೆಯ ಮುಂದೆ ನಡೆದುಹೋಗುವಾಗ ಮುಖ ಆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ. 'ನಾವು ಕರಿಯರು ಅಂತ ಅವನಿಗೆ ಸೇರೋದಿಲ್ಲ' ಎಂದು ಸುಶೀಲ ಹೇಳಿದ್ದಳು.

ಅವನ ಇಂಗ್ಲಿಷು ನಾನು ಸ್ಕೂಲಲ್ಲಿ ಕಲಿಸುವ ಇಂಗ್ಲಿಷಲ್ಲ. ನಮ್ಮೂರವರ ಹಾಗೇ ಹಕಾರ ನುಂಗುವವನು, ನಮ್ಮೂರವರ ಹಾಗೇ ಸುತ್ತಿಬಳಸದೆ ಮಾತಾಡುವವನು. ಅವನ ಮಾತು ನನ್ನ ಕಿವಿಗೆ ಕಿರುಗಾವಲಿನ ಕನ್ನಡವಾಗಿಯೇ ಬೀಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

"ಉಲ್ಲಿಗೆ ಬೆಂಕಿ ಬಿತ್ತು ಅನ್ಕಂಡೆ ಕಣಮ್ಮ" ಎಂದ, ಏದುಸಿರು ಬಿಡುತ್ತಾ.

"ಇಲ್ಲಿ ಹುಲ್ಲೆಲ್ಲಿದೆ?" ಎಂದೆ, ಸೀರೆ ಹಿಂಡಿಕೊಳ್ಳುತ್ತಾ.

ಆತ ಆಗ ಸುತ್ತ ನೋಡಿದ. ಗೊಂತು, ತೊಲೆ, ಬಳೆ. ಮೆಲ್ಲಗೆ ಹಿಂದಕ್ಕೆ ಹೋಗಿ ಬಾಗಿಲಲ್ಲಿ ಬೂಟು ಕಳಚಿಟ್ಟು, ತೂತು ಬಿದ್ದ ಕಾಲುಚೀಲದಲ್ಲಿ ಮತ್ತೆ ಒಳಗೆ ಬಂದ. ಗೋಡೆಯ ಮೂರನೇ ಬಳೆಯನ್ನು ಮುಟ್ಟಿದ.

"ರೋಜಿ ಇಲ್ಲಿ ನಿಂತ್ಕತಿದ್ಲು. ನನ್ನ ಕಡೇ ಹಸ. ಅವ್ಳು ಸತ್ಮೇಲೆ ಇದ್ನ ಮಾರ್ಬುಟ್ಟೆ. ಎಲ್ಡು ವರ್ಸ ಆಯ್ತು, ಒಳಿಕ್ಕೆ ಬರಕ್ಕೆ ಮನಸು ಒಪ್ನಿಲ್ಲ. ಎದುರಿಗೆ ಬಂದ್ರೆ ಈ ಕಡೆ ನೋಡಕ್ಕೇ ಆಗ್ತಿರ್ನಿಲ್ಲ."

ಸುಶೀಲ ತಲೆಗೆ ಸುತ್ತಿದ ಬಟ್ಟೆಯಲ್ಲೇ ಎದ್ದು ಬಂದು ಅವನಿಗೆ ಕುರ್ಚಿ ಎಳೆದು ಹಾಕಿದಳು. ಎರಡು ವರ್ಷ ತಪ್ಪು ತಿಳಿದದ್ದಕ್ಕೆ ಅವಳ ಮುಖ ಸಪ್ಪಗಾಗಿತ್ತು. ನಾನು ಒದ್ದೆ ಸೀರೆಯಲ್ಲೇ ಕಾಫಿ ಮಾಡಿದೆ.

ಹೊಸ್ತಿಲು

ಆಮೇಲೆ ಜಾರ್ಜ್ ದಿನಾ ಬರತೊಡಗಿದ. ಮಗುವಿಗೆ ನಾನು ಹಳೇ ಸೀರೆಯ ಜೋಲಿ ಕಟ್ಟಬೇಕೆಂದಾಗ ಏಣಿ ಹತ್ತಿ ತೊಲೆಗೆ ಹಗ್ಗ ಕಟ್ಟಿದವನು ಅವನೇ. ಹುಲ್ಲಿನ ಹೊರೆ ಏರಿಸಲು ಕಟ್ಟುತ್ತಿದ್ದ ಗಂಟಂತೆ, ಎಳೆದಷ್ಟೂ ಬಿಗಿಯುವುದು. ತಾನೇ ಒಮ್ಮೆ ಜಗ್ಗಿ ನೋಡಿ, "ಮಡಗಮ್ಮ ಮಗೀನ" ಎಂದ.

ಮೂರು ತಿಂಗಳು ಮುಗಿಯುತ್ತಾ ಬಂತು. ಸುಶೀಲ ಬರುವುದಿಲ್ಲ, ಅಪ್ಪ ಹೆಸರಿಡುವುದಿಲ್ಲ. ಮಗು ಜೋಲಿಯಲ್ಲಿ ಪಾಪವಾಗಿಯೇ ನಗುತ್ತಿತ್ತು. ಒಂದಾದರೂ ಸರಿಮಾಡಿಕೊಂಡು ಹೋಗೋಣವೆಂದು ಒಂದು ಬೆಳಿಗ್ಗೆ ಧೈರ್ಯ ಮಾಡಿ ಜಾರ್ಜನನ್ನು ಕೇಳಿದೆ: "ಎಲ್ಲಿಂದಾದರೂ ಒಂದು ಹಸು ಕರೆದುಕೊಂಡು ಬರ್ತೀರಾ? ಮನೆಯೊಳಗೆ ಒಂದು ಸುತ್ತು ಬಂದು ಹೋದರೆ ಸಾಕು."

ಅವನು ಬಾಯಿಬಿಟ್ಟು ನನ್ನನ್ನೇ ನೋಡಿದ. ನಮ್ಮ ಪದ್ಧತಿ ವಿವರಿಸಿದೆ. ಮೊದಲು ಹಸು, ಆಮೇಲೆ ಮನುಷ್ಯರು, ಹಸು ಕಾಲಿಡದ ಮನೆ ಮನೆಯಲ್ಲ, ನಮ್ಮಪ್ಪ ಹೇಳಿಕಳಿಸಿದ್ದಾರೆ. ಪೂರ್ತಿ ಕೇಳಿದ ಜಾರ್ಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ನನ್ನನ್ನು ಸಣ್ಣ ಬಾಗಿಲಿನ ಹತ್ತಿರ ಕರೆದುಕೊಂಡು ಹೋಗಿ ನೆಲ ತೋರಿಸಿದ.

ಕಲ್ಲಿನ ಹೊಸ್ತಿಲು. ಮೂರು ತಿಂಗಳಿಂದ ದಾಟುತ್ತಿದ್ದರೂ ನಾನು ನೋಡಿಯೇ ಇರಲಿಲ್ಲ. ನಟ್ಟನಡುವೆ ಬೊಗಸೆಯಷ್ಟು ಸವೆದು ತಗ್ಗಾಗಿತ್ತು.

"ನಮ್ಮ ಮುತ್ತಾತನ ಕಾಲದ್ದು. ದಿನಕ್ಕೆ ಎಲ್ಡು ಸಲ, ಒಳಿಕ್ಕೆ ಎಲ್ಡು, ಈಚೆಗೆ ಎಲ್ಡು. ಗೊರಸು ತುಳ್ದು ತುಳ್ದು ಇಂಗಾಗದೆ. ನಿಮ್ಮಪ್ಪುಂಗೆ ಯೋಳಮ್ಮ. ಈ ಮನೇಗೆ ಇನ್ನೂರು ವರ್ಸ ಬರೀ ಹಸವೇ ಬಂದಿರೋದು. ಮನುಸ್ರು ಬಂದಿರೋದು ಈಗ."

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎಂಥ ಪೆದ್ದಿ ನಾನು! ಹಸು ಹುಡುಕುತ್ತಾ ಕೊಟ್ಟಿಗೆಯಲ್ಲೇ ಮೂರು ತಿಂಗಳು ಕಳೆದಿದ್ದೆ. ಒಳಗೆ ಹೋಗಿ ಅರಿಶಿನ ಕುಂಕುಮ ತಂದೆ. ಸುಶೀಲ ಮಗುವನ್ನೆತ್ತಿಕೊಂಡು ಬಂದಳು. ತಗ್ಗಾದ ಕಡೆ ನೀರಿನಲ್ಲಿ ಒರೆಸಿ, ಅರಿಶಿನ ಹಚ್ಚಿ ಕುಂಕುಮವಿಟ್ಟೆವು. ಜಾರ್ಜ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ರಾಜಶೇಖರ ಒಂದು ಫೋಟೋ ತೆಗೆದರು.

ಮತ್ತೆ ಕಿರುಗಾವಲು

ನಾನು ಬರುವ ದಿನ ಅಪ್ಪನಿಗೆ ಗೊತ್ತಿತ್ತು. ಮಳವಳ್ಳಿ ಕಡೆಯಿಂದ ಬಸ್ಸು ಬಂದು ನಿಂತಾಗ ಟೀ ಅಂಗಡಿಯ ಬೆಂಚಿನಿಂದ ಎದ್ದು ಬಂದರು. ನಾನು ಇಳಿದೆ. ನನ್ನ ಹಿಂದೆ ಯಾರೂ ಇಳಿಯಲಿಲ್ಲ. ಬಸ್ಸು ಹೊರಟುಹೋಗುವ ತನಕ ಅಪ್ಪ ಅದರ ಬಾಗಿಲನ್ನೇ ನೋಡುತ್ತಿದ್ದರು.

"ಒಬ್ಳೇ ಬಂದಾ?"

"ಊಂ. ಮನೆಗೆ ಹೋಗಿ ಹೇಳ್ತೀನಪ್ಪ."

"ಇಲ್ಲೇ ಯೋಳು. ನಕ್ಕೋರೆಲ್ಲ ಇಲ್ಲೇ ಅವ್ರೆ."

ನಂಜಪ್ಪ ಟೀ ಎತ್ತಿ ಹುಯ್ಯುವುದನ್ನು ಬಿಟ್ಟು ನೋಡಿದ. ಇಷ್ಟು ವರ್ಷ ಪಾಠ ಹೇಳಿದವಳು ನಾನು, ತರಗತಿಯಲ್ಲಿ ನಿಂತ ಹಾಗೆ ಬೆಂಚುಗಳ ಕಡೆ ತಿರುಗಿ ನಿಂತೆ.

"ಕೊಟ್ಟಿಗೆ ದಿಟ ಅಪ್ಪ" ಎಂದೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದ ಸದ್ದಾಯಿತು. ಅಪ್ಪ ತಲೆ ತಗ್ಗಿಸಿದರು. ನಾನು ನಿಲ್ಲಿಸಲಿಲ್ಲ. ಎಲ್ಲ ಹೇಳಿದೆ. ಗೋಡೆಯ ಬಳೆ, ಪುಸ್ತಕದ ಗೊಂತು, ನನಗೆ ಎರಚಿದ ನೀರು, ಜಾರ್ಜ್, ಅವನ ರೋಜಿ, ಸವೆದ ಕಲ್ಲು. ಸುಶೀಲ ಕೊಟ್ಟಿಗೆಯಲ್ಲಿ ನಿದ್ದೆ ಹೋದದ್ದನ್ನು ಮಾತ್ರ ಅಂಗಡಿಯಲ್ಲಿ ಹೇಳಲಿಲ್ಲ. ಅದನ್ನು ಮನೆಯಲ್ಲಿ, ಅಪ್ಪನೊಬ್ಬರಿಗೇ ಹೇಳಿದೆ.

ಚೀಲದಿಂದ ಫೋಟೋಗಳನ್ನು ತೆಗೆದೆ. ಗಾಜಿನ ಬಾಗಿಲು, ತೊಲೆ, ಜಮಖಾನದ ಫೋಟೋಗಳನ್ನು ಬೆಂಚಿನವರು ಕೈಯಿಂದ ಕೈಗೆ ಕಿತ್ತುಕೊಂಡರು. ಅಪ್ಪ ಒಂದನ್ನು ಮಾತ್ರ ಇಟ್ಟುಕೊಂಡರು, ಕುಂಕುಮವಿಟ್ಟ ಹೊಸ್ತಿಲಿನದು. ಬಿಸಿಲಿಗೆ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಆ ತಗ್ಗನ್ನು ಸವರಿದರು.

"ಗೊರಸಿನ ಸವಕಲೇ ಇದು. ಸುಳ್ಳಲ್ಲ" ಎಂದರು. ಫೋಟೋ ಕೆಳಗಿಳಿಸಿ, "ಆ ಯಜಮಾನ್ರ ಕಡೇ ಹಸೀನ ಎಸ್ರು ಏನಂದೆ?"

"ರೋಜಿ."

"ರೋಜಿ" ಎಂದು ತಮ್ಮಷ್ಟಕ್ಕೇ ಒಮ್ಮೆ ಅಂದುಕೊಂಡರು. ಆಮೇಲೆ ಅಂಗಡಿಯ ಕಡೆ ತಿರುಗಿದರು. "ನಂಜಪ್ಪ, ಕಾಗ್ದ ತಕ್ಕ. ಬರಿ."

ನಂಜಪ್ಪ ಕೈ ಒರೆಸಿಕೊಂಡು ಪೆನ್ನು ಹಿಡಿದ.

"ಮಗಾ ಸುಸೀಲ, ನಿನ್ನ ಮಗಳಿಗೆ ಗೌರಿ ಅಂತ ಎಸ್ರು ಮಡ್ಗಿವ್ನಿ. ನಿಮ್ಮವ್ವನ ಎಸ್ರು. ಆ ಯಜಮಾನ್ರು ಮನೆತಕೆ ಬಂದಾಗ ರೋಜಿ ಅಂತ ಕರ್ಕಳ್ಳಿ, ಬ್ಯಾಡ ಅನ್ಬ್ಯಾಡ."

ಪೆನ್ನು ನಿಂತಿತು. "ಹಸೀನ ಎಸ್ರಾ ಗೌಡ್ರೇ?"

"ಊಂ ಕಣ್ಲಾ. ಆ ಮನೇಗೆ ನಮ್ಗಿಂತ ಮೊದ್ಲು ಕಾಲಿಟ್ಟೋರ್ ಎಸ್ರು."

ನಂಜಪ್ಪ ಬರೆದ. ಬರೆದು ಮಡಿಸಲು ಹೋದಾಗ ಅಪ್ಪ ಅವನ ಕೈ ಹಿಡಿದರು.

"ಮಡುಸ್ಬ್ಯಾಡ. ಇನ್ನೊಂದ್ಸಲ ಓದು. ಆ ಹಿಂದಿನ ಬೆಂಚ್ಗೂ ಕೇಳಂಗೆ ಓದು."